ಮಿಸ್ಸು ಮುದ್ದೆಯಾದ ದಿನ

ನಾಚಿಕೆಪಟ್ಟ ದಿನಗಳು ನನ್ನ ಬದುಕಿನಲ್ಲಿ ಬೇಕಾದಷ್ಟಿವೆ. ಮದುವೆಮನೆಯಲ್ಲಿ ಪಂಕ್ತಿಯ ನಡುವೆ ಸಾರಿನ ಬಕೆಟ್ಟು ಕವುಚಿ ಹಾಕಿದ್ದೀನಿ. ಬಸ್ಸಿನಲ್ಲಿ ಗುರುತಿಲ್ಲದವರ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದಿದ್ದೀನಿ. ಅವೆಲ್ಲ ಈಗ ಮೊಮ್ಮಕ್ಕಳ ವಯಸ್ಸಿನವರಿಗೆ ಹೇಳಿ ನಗಿಸೋ ಕಥೆಗಳು. ಆದರೆ ಶಿಡ್ಲಘಟ್ಟದ ಹೆಣ್ಣುಮಕ್ಕಳ ಪ್ರೈಮರಿ ಸ್ಕೂಲಿನ ಅಂಗಳದಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತೆ. ಅಲ್ಲಿ ನಾನು ತಪ್ಪು ಮಾಡಿದ್ದೆ ಅಂತಲ್ಲ. ಮಾಡಿದ್ದರೆ ಯಾರ ಹತ್ತಿರವಾದರೂ ಕ್ಷಮೆ ಕೇಳಿ ಮುಗಿಸಿಬಿಡಬಹುದಿತ್ತು. ತಪ್ಪೇ ಇಲ್ಲದ ನಾಚಿಕೆಯನ್ನ ಎಲ್ಲಿ ಹೋಗಿ ತೊಳಕೊಳ್ಳೋದು, ಹೇಳಿ?

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಟ್ರೈನಿಂಗ್ ಮುಗಿಸಿ ನನಗೆ ನಮ್ಮ ಊರಿನಲ್ಲೇ ಒಂದನೇ ಕ್ಲಾಸು ಸಿಕ್ಕಿತ್ತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದರು. ಮನೆಯಲ್ಲಿ ನಾನು, ಅಮ್ಮ, ಇಬ್ಬರೇ. ಗಂಡು ಹುಡುಕೋದು, ಮಾತಾಡೋದು, ಗದರೋದು, ಇವೆಲ್ಲಕ್ಕೂ ಚಿಕ್ಕಬಳ್ಳಾಪುರದಲ್ಲಿದ್ದ ಅಮ್ಮನ ತಮ್ಮ, ನನ್ನ ಸೋದರಮಾವ. ನನಗಾಗಲೇ ಇಪ್ಪತ್ತು ದಾಟಿತ್ತು. ಆ ಕಾಲಕ್ಕೆ ಅದು ಅಮ್ಮನ ನಿದ್ದೆ ಕೆಡಿಸೋ ವಯಸ್ಸು. "ಕೆಲಸ ಸಿಕ್ತು, ಸಂತೋಷ. ಇನ್ನೊಂದು ಆಗಿಬಿಟ್ರೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ಚೀನಿ" ಅಂತ ದಿನಾ ಬೆಳಿಗ್ಗೆ ಕಾಫಿ ಜೊತೆ ಇದನ್ನೂ ಕೊಡೋಳು.

ನಮ್ಮೂರಲ್ಲಿ ಬೀದಿಬೀದಿಗೂ ಚರಕದ ಮನೆಗಳು. ಮುಂದಿನ ಕೋಣೆಯಲ್ಲೇ ಮಣ್ಣಿನ ದೊಡ್ಡ ಒಲೆ, ಅದರ ಮೇಲೆ ಕುದಿಯೋ ನೀರು, ನೀರಲ್ಲಿ ರೇಷ್ಮೆ ಗೂಡು. ಒಬ್ಬರು ಗೂಡಿಂದ ಎಳೆ ತೆಗೀತಾರೆ, ಒಬ್ಬರು ಚರಕ ತಿರುಗಿಸ್ತಾರೆ, ಒಲೆಗೆ ಸೌದೆ ತಳ್ಳೋ ಕೆಲಸ ಮಾತ್ರ ಮನೆಯ ಚಿಕ್ಕ ಹುಡುಗಿಯದು. ಸ್ಕೂಲಿಗೆ ಬರೋ ಮುಂಚೆ ಒಂದಷ್ಟು ಹೊತ್ತು, ಹೋದ ಮೇಲೆ ಒಂದಷ್ಟು ಹೊತ್ತು. ನಮ್ಮ ಮಕ್ಕಳ ತಲೆಗೂದಲೆಲ್ಲ ಹೊಗೆ ವಾಸನೆ, ಕೈತುಂಬ ಸುಟ್ಟ ಕಲೆ.

ನಾನು ಕೆಲಸಕ್ಕೆ ಸೇರಿದ ವರ್ಷವೇ ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಲಂಗಕ್ಕೆ ಹಾಗೆ ಒಲೆ ಮುಂದೆ ಕೂತಿದ್ದಾಗ ಬೆಂಕಿ ಹತ್ತಿತು. ಮಗು ಹೆದರಿ ಓಡಿತು. ಮನೆಯಿಂದ ಬೀದಿಗೆ, ಬೀದಿಯ ಈ ತುದಿಯಿಂದ ಆ ತುದಿಗೆ. ಓಡಿದಷ್ಟೂ ಗಾಳಿ, ಗಾಳಿ ಬೀಸಿದಷ್ಟೂ ಉರಿ. ಹಿಂದೆ ಓಡಿದವರ ಕೈಗೆ ಸಿಕ್ಕೋ ಹೊತ್ತಿಗೆ ಮುಗಿದುಹೋಗಿತ್ತು. ನಿಂತಲ್ಲೇ ನೆಲಕ್ಕೆ ಬಿದ್ದು ಉರುಳಿದ್ದರೆ, ಯಾರಾದರೂ ಒಂದು ಗೋಣಿ ಹೊದಿಸಿದ್ದರೆ ಬದುಕುತ್ತಿದ್ದಳೋ ಏನೋ. ಟ್ರೈನಿಂಗಿನಲ್ಲಿ ನಮಗೆ ಅದನ್ನ ಹೇಳಿಕೊಟ್ಟಿದ್ದರು. ನಾನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆ, ಅಷ್ಟೇ.

ಮರುವರ್ಷ ಆ ಹುಡುಗಿಯ ತಂಗಿ ನನ್ನ ಕ್ಲಾಸಿಗೆ ಬಂದಳು. ಬೆರಳು ಚೀಪೋ ಮಗು. "ಮನೇಲಿ ಏನು ಕೆಲಸ ಮಾಡ್ತೀಯಮ್ಮ?" ಅಂತ ಕೇಳಿದರೆ, "ಸೌದೆ ತಳ್ತೀನಿ ಮಿಸ್" ಅಂದಳು. ಅದೇ ಮನೆ, ಅದೇ ಒಲೆ. ಅಕ್ಕನ ಜಾಗಕ್ಕೆ ಇವಳು ಬಂದು ಕೂತಿದ್ದಳು. ಅವರ ಅಮ್ಮನಿಗೆ ಹೇಳಿನೋಡಿದೆ. "ಇನ್ಯಾರು ತಳ್ತಾರೆ ಮಿಸ್?" ಅಂದಳು ಆಯಮ್ಮ.

ಹಾಗೆ ಹುಟ್ಟಿದ್ದು ಮುದ್ದೆ ಆಟ. ಐದಾರು ವರ್ಷದ ಮಕ್ಕಳಿಗೆ ಬೆಂಕಿ, ಸಾವು ಅಂತ ಪಾಠ ಮಾಡೋಕಾಗುತ್ತಾ? ಹೆದರಿ ಮಾರನೇ ದಿನ ಸ್ಕೂಲಿಗೇ ಬರಲ್ಲ. ಅದಕ್ಕೇ ನನ್ನ ಹಳೇ ಕೆಂಪು ರವಿಕೆ ಹರಿದು ಒಂದು ಬಟ್ಟೆ ಮಾಡಿದೆ. ಅದು ಬೆಂಕಿ. ಒಬ್ಬಳು ಬೆಂಕಿ ಹಿಡಿದುಕೊಂಡು ಬಂದು ಮುಟ್ಟಿಸ್ತಾಳೆ. ಮುಟ್ಟಿಸಿಕೊಂಡವಳು ಓಡಬಾರದು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಉರುಳಬೇಕು. ಉಳಿದವರು ಗೋಣಿಚೀಲ ತಂದು ಅವಳ ಮೇಲೆ ಹೊದಿಸಬೇಕು. ಓಡಿಬಿಟ್ಟರೆ ಎಲ್ಲರೂ ಸೇರಿ, "ಓಡಿದೋಳು ಸುಟ್ಟ ಹಪ್ಪಳ! ಉರುಳಿದೋಳು ರಾಗಿ ಮುದ್ದೆ!" ಅಂತ ಕೂಗೋದು. ಸುಟ್ಟ ಹಪ್ಪಳ ಆಗೋಕೆ ಯಾವ ಹುಡುಗಿಗೂ ಇಷ್ಟವಿಲ್ಲ. ಆ ಬೆರಳು ಚೀಪೋಳಂತೂ ಬೆಂಕಿ ಇನ್ನೂ ಮಾರು ದೂರ ಇರುವಾಗಲೇ ದೊಪ್ಪಂತ ಬಿದ್ದು ಉರುಳೋಳು.

ಮೊದಮೊದಲು ಯಾರೂ ಉರುಳುತ್ತಿರಲಿಲ್ಲ. ಲಂಗ ಮಣ್ಣಾದರೆ ಅಮ್ಮ ಹೊಡೀತಾರೆ ಅಂತ ಭಯ. ನಾನೇ ಸೆರಗು ಬಿಗಿಯಾಗಿ ಸೊಂಟಕ್ಕೆ ಸುತ್ತಿಕೊಂಡು, ಬೀದಿಯಲ್ಲಿ ಗಂಡಸರು ಇಲ್ಲ ಅಂತ ಇಣುಕಿ ನೋಡಿ, ಅಂಗಳದಲ್ಲಿ ಉರುಳಿದೆ. ಮಿಸ್ಸೇ ಮುದ್ದೆಯಾದ ಮೇಲೆ ಕೇಳಬೇಕಾ! ಅಂಗಳದ ಧೂಳೆಲ್ಲ ಎದ್ದುಹೋಯಿತು. ನಮ್ಮ ದೊಡ್ಡ ಮಿಸ್ಸು, ಅಂದರೆ ಹೆಡ್ ಮಿಸ್ಟ್ರೆಸ್ಸು, ಕಿಟಕಿಯಿಂದ ನೋಡಿ, "ನೀನು ಮಿಸ್ಸೋ ಎಮ್ಮೆಯೋ?" ಅಂದರು. ಬೇಡ ಅಂತ ಮಾತ್ರ ಅನ್ನಲಿಲ್ಲ.

ಆ ಹೊತ್ತಿನಲ್ಲೇ ಮಾವ ಒಂದು ಸಂಬಂಧ ತಂದರು. ಚಿಂತಾಮಣಿ ಹತ್ತಿರದ ಊರಿನವರು, ಹೊಲ, ಹಿಪ್ಪುನೇರಳೆ ತೋಟ ಇದ್ದವರು. ಹುಡುಗ ಗೌರಿಬಿದನೂರಿನಲ್ಲಿ ಗುಮಾಸ್ತ. ಹೆಣ್ಣು ಕೆಲಸದಲ್ಲಿರೋದು ಅವರಿಗೆ ಅಡ್ಡಿಯಿಲ್ಲ. ಅಮ್ಮ ನನ್ನ ಫೋಟೋ ಅವರಿಗೆ ಕಳಿಸಿದ ದಿನದಿಂದ ಸೋಮವಾರದ ಒಪ್ಪತ್ತು ಹಿಡಿದಳು. ನನಗೂ ಒಳಗೊಳಗೇ ಆಸೆಯಿತ್ತು, ಯಾಕೆ ಸುಳ್ಳು ಹೇಳಲಿ. ಹುಡುಗನ ಫೋಟೋನ ಅಮ್ಮ ಬಚ್ಚಲಿಗೆ ಹೋದಾಗಲೆಲ್ಲ ತೆಗೆದು ನೋಡುತ್ತಿದ್ದೆ.

ನಮ್ಮ ಕಡೆ ಒಂದು ಪದ್ಧತಿ. ಹೆಣ್ಣು ನೋಡೋ ಶಾಸ್ತ್ರಕ್ಕೆ ಬರೋ ಮುಂಚೆ ಗಂಡಿನ ಕಡೆಯ ಹೆಂಗಸರು ಯಾರಾದರೂ ಬೇರೆ ಕೆಲಸದ ನೆಪ ಮಾಡಿಕೊಂಡು ಬಂದು, ಹುಡುಗಿ ಹೇಗೆ ನಡೀತಾಳೆ, ಹೇಗೆ ಮಾತಾಡ್ತಾಳೆ ಅಂತ ಗುಟ್ಟಾಗಿ ನೋಡಿಕೊಂಡು ಹೋಗ್ತಾರೆ. ಹುಡುಗಿಗೆ ಗೊತ್ತಾಗಬಾರದು. ಹುಡುಗನ ಅತ್ತೆ, ಅಂದರೆ ಅವರಪ್ಪನ ಅಕ್ಕ, ಗಂಡನ ಜೊತೆ ಶಿಡ್ಲಘಟ್ಟಕ್ಕೆ ಗೂಡು ಮಾರೋಕೆ ಬಂದವರು, ನಮ್ಮ ಸ್ಕೂಲಿನ ಮೋಟುಗೋಡೆಯ ಹತ್ತಿರ ಬಂದು ನಿಂತರು. ನೋಡಿದರೆ ಅಂಗಳದಲ್ಲಿ ಏನಿದೆ?

ಅವತ್ತು ಬೆಂಕಿ ಹಿಡಿದಿದ್ದವಳು ಬೆರಳು ಚೀಪೋ ಹುಡುಗಿ. ನನಗೇ ಮುಟ್ಟಿಸಿಬಿಟ್ಟಳು. ಮಕ್ಕಳಿಗೆ ಖುಷಿಯಾಗಲಿ ಅಂತ ನಾನು ಸುಮ್ಮನೆ ಬೀಳಲಿಲ್ಲ. "ಅಯ್ಯಯ್ಯೋ ಉರೀತು!" ಅಂತ ಕೈಕಾಲು ಒದರಿ, ಕಣ್ಣು ಮೇಲೆ ಮಾಡಿ, ದಡಾರಂತ ಬಿದ್ದೆ. ಮುಖ ಮುಚ್ಚಿಕೊಂಡು ಉರುಳತೊಡಗಿದೆ. ಮಕ್ಕಳು ಕೂಗ್ತಾ ಇದ್ದವು. ಅಷ್ಟರಲ್ಲಿ ಯಾರೋ ನನ್ನ ಕೈ ಹಿಡಿದು ಬೆರಳು ಬಿಡಿಸಿ ತಣ್ಣಗಿನ ಕಬ್ಬಿಣ ತುರುಕಿದರು. ಕಣ್ಣು ಬಿಟ್ಟರೆ, ಗುರುತಿಲ್ಲದ ದಪ್ಪ ಹೆಂಗಸು, ಮೂಗಿಗೆ ಎರಡು ಕಡೆ ಬೇಸರಿ, ಸೊಂಟದ ಬೀಗದ ಕೈ ಗೊಂಚಲನ್ನ ನನ್ನ ಮುಷ್ಟಿಯಲ್ಲಿ ಅದುಮುತ್ತಾ, "ಅಯ್ಯೋ ಪಾಪಂ, ಪಿಲ್ಲಕಿ ಮೂರ್ಛ ವಚ್ಚೇಸಿಂದಿ! ಎರ್ರಗಡ್ಡ ತೀಸುಕು ರಾಂಡಿ!" ಅಂತ ತೆಲುಗಿನಲ್ಲಿ ಬೊಬ್ಬೆ ಹೊಡೀತಿದ್ದಾರೆ. ಹುಡುಗಿಗೆ ಮೂರ್ಛೆ ಬಂದಿದೆ, ಈರುಳ್ಳಿ ತನ್ನಿ ಅಂತ!

ಮೂರ್ಛೆ ರೋಗದವರು ಬಿದ್ದು ಒದ್ದಾಡಿದರೆ ಕೈಗೆ ಕಬ್ಬಿಣ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ವೈದ್ಯ. ಈರುಳ್ಳಿ ಸಿಗದಿದ್ದರೆ ಚಪ್ಪಲಿ. ಸ್ಕೂಲಿನಲ್ಲಿ ಈರುಳ್ಳಿ ಎಲ್ಲಿಂದ ಬರಬೇಕು? ಆಯಮ್ಮ ತಮ್ಮ ಕಾಲಿನ ಚಪ್ಪಲಿ ಕಿತ್ತು ನನ್ನ ಮೂಗಿಗೆ ಒತ್ತೇಬಿಟ್ಟರು. ಮಕ್ಕಳು ಇದೂ ಆಟದಲ್ಲಿ ಹೊಸದಾಗಿ ಸೇರಿದ್ದು ಅಂತ ತಿಳಿದು ಚಪ್ಪಾಳೆ ತಟ್ಟಿ ಕುಣಿದವು. ಒಬ್ಬಳಂತೂ ಓಡಿಹೋಗಿ ದೊಡ್ಡ ಮಿಸ್ಸಿನ ಚಪ್ಪಲಿಯನ್ನೂ ತಂದಳು.

"ನನಗೇನೂ ಆಗಿಲ್ಲಮ್ಮ, ಇದು ಆಟ" ಅಂದೆ, ಕೆಮ್ಮುತ್ತಾ.

"ಬಂದೋರಿಗೆ ಬಂದಿದ್ದು ಗೊತ್ತಾಗಲ್ಲಮ್ಮ. ಎದ್ದ ಮೇಲೆ ಎಲ್ರೂ ಹಿಂಗೇ ಅಂತಾರೆ" ಅಂತ ಈಗ ಕನ್ನಡದಲ್ಲೇ ಅಂದು, ನನ್ನ ತಲೆ ಸವರಿ, ಕಣ್ಣೊರೆಸಿಕೊಂಡರು. ಒಳ್ಳೇ ಮನಸ್ಸಿನ ಹೆಂಗಸು. ಅದೇ ನನ್ನ ಗ್ರಹಚಾರ. ಕೆಟ್ಟವರಾಗಿದ್ದರೆ ಬೈದಾದರೂ ಬೈಯಬಹುದಿತ್ತು.

ಅವರು ಯಾರು ಅಂತ ಗೊತ್ತಾದದ್ದು ಮಾವ ಬಂದಾಗ. ಚಿಕ್ಕಬಳ್ಳಾಪುರದಿಂದ ಬಸ್ಸಿಳಿದವರು ಕಾಲು ಕೂಡ ತೊಳೀಲಿಲ್ಲ. "ಅಕ್ಕಾ, ನಿನ್ನ ಮಗಳಿಗೆ ಮೂರ್ಛೆ ರೋಗವಂತೆ. ರೋಗ ಮುಚ್ಚಿಟ್ಟು ಸಂಬಂಧ ಮಾಡ್ತಿದೀರಾ ಅಂತ ಅವರು ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ" ಅಂದರು. ನಾನು ನಡೆದದ್ದು ಹೇಳಿದೆ. ಮಾವ ತಲೆ ಮೇಲೆ ಕೈ ಹೊತ್ತು ಕೂತರು. ಅಮ್ಮ ನನ್ನ ಕಡೆ ನೋಡಿದ ನೋಟ ಮಾತ್ರ ಯಾರಿಗೂ ಬೇಡ. ಸಿಟ್ಟಿರಲಿಲ್ಲ ಅದರಲ್ಲಿ. "ನೀನು ನೆಲದಲ್ಲಿ ಉರುಳಿದ್ಯಾ?" ಅಂತ ಒಂದೇ ಮಾತು ಕೇಳಿದಳು. ಹೌದು ಅಂತ ತಲೆಯಾಡಿಸಿದೆ.

ಮಾವ ಚಿಂತಾಮಣಿಗೆ ಹೋಗಿ ಆಟದ ವಿಷಯ ವಿವರಿಸಿ ಬಂದರು. ಕೆಲಸ ಇನ್ನೂ ಕೆಟ್ಟಿತು. "ವಯಸ್ಸಿಗೆ ಬಂದ ಹುಡುಗಿ ಬೇಕು ಅಂತಲೇ ಮಣ್ಣಲ್ಲಿ ಹೊರಳಾಡಿದ್ಲಾ? ಹಂಗಾದ್ರೆ ಮೂರ್ಛೆ ಅಲ್ಲ ಬಿಡಿ, ತಲೇನೇ ಕೆಟ್ಟಿದೆ" ಅಂದರಂತೆ ಅಲ್ಲಿಯ ಹಿರಿಯರು. ನೋಡಿ ನನ್ನ ಅವಸ್ಥೆ. ರೋಗಿಷ್ಟೆ ಅನ್ನಿಸಿಕೊಳ್ಳಬೇಕು, ಇಲ್ಲ ಹುಚ್ಚಿ ಅನ್ನಿಸಿಕೊಳ್ಳಬೇಕು. ಮಧ್ಯದಲ್ಲಿ ಮಿಸ್ಸು ಅನ್ನೋದಕ್ಕೆ ಜಾಗವೇ ಇಲ್ಲ.

ಮಾತು ಊರೆಲ್ಲ ಹರಡಿತು. ನಲ್ಲಿ ಹತ್ತಿರ ಹೋದರೆ ಹೆಂಗಸರು ಬಿಂದಿಗೆ ಸರಿಸಿ ನನಗೆ ಮೊದಲು ಜಾಗ ಬಿಡೋರು, ಎಲ್ಲಿ ಬಿದ್ದುಬಿಡ್ತಾಳೋ ಅಂತ. ಅಂಗಡಿಯವನು "ಹುಷಾರಾಗಿದೀರಾ ಮಿಸ್?" ಅಂತ ಕೇಳೋನು. ಸ್ಕೂಲಿನಲ್ಲಿ ಮಕ್ಕಳು ನಾನಿಲ್ಲದಾಗ ಹೊಸ ಆಟ ಶುರುಮಾಡಿದ್ದವು. ಒಬ್ಬಳು ಮಿಸ್ಸಾಗಿ ಬಿದ್ದು ಒದ್ದಾಡೋದು, ಒಬ್ಬಳು ಕಡ್ಡಿಯನ್ನ ಬೀಗದ ಕೈ ಅಂತ ಅವಳ ಕೈಗೆ ತುರುಕೋದು, ಮೂರನೆಯವಳು ಚಪ್ಪಲಿ ಮೂಸಿಸೋದು. ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ನನ್ನ ಹಾಗೆ ಕಣ್ಣು ಮೇಲೆ ಮಾಡೋದನ್ನೂ ಎಷ್ಟು ಚೆನ್ನಾಗಿ ಕಲಿತಿದ್ದವು! ಬೆಂಕಿ ಬಟ್ಟೆ ಮೂಲೆಯಲ್ಲಿ ಬಿದ್ದಿತ್ತು. ಅವತ್ತು ಪಾಠ ಮಾಡೋಕಾಗದೆ ಮಕ್ಕಳಿಗೆ ಕಾಪಿ ಬರೆಯೋಕೆ ಹೇಳಿ ಕಿಟಕಿ ಕಡೆ ತಿರುಗಿ ಕೂತೆ.

ಇಷ್ಟಾದರೂ ಸಂಬಂಧ ಪೂರ್ತಿ ಮುರಿದಿರಲಿಲ್ಲ. ಹುಡುಗ ಓದಿದವನು. "ಸುಮ್ಮನೆ ಅವರಿವರ ಮಾತು ಯಾಕೆ? ಸ್ಕೂಲಿಗೇ ಹೋಗಿ ನೋಡೋಣ. ಮಕ್ಕಳ ಆಟವಾಗಿದ್ರೆ ಮಕ್ಕಳೇ ಆಡಿ ತೋರಿಸ್ತಾರೆ" ಅಂದನಂತೆ. ಅಮ್ಮನಿಗೆ ಹೋದ ಜೀವ ಬಂತು. ಮಾವ ನನ್ನನ್ನ ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದರು: "ನೋಡಮ್ಮ, ನೀನು ಒಂದು ಕಡೆ ಗಂಭೀರವಾಗಿ ನಿಂತ್ಕೋ. ಮಕ್ಕಳು ಉರುಳಲಿ, ಎಷ್ಟು ಬೇಕಾದ್ರೂ ಉರುಳಲಿ. ನೀನು ಮಾತ್ರ ಬಗ್ಗಬೇಡ. ಅವರು ನೋಡಿ, ಓಹೋ ಇಷ್ಟೇನಾ ಅಂತ ಹೋಗ್ತಾರೆ. ನಿಂತ್ಕೊಳೋಕೆ ಬರುತ್ತೆ ತಾನೆ ನಿನಗೆ?"

ಬರುತ್ತೆ ಅಂದೆ.

ಅಮ್ಮ ತನ್ನ ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಹಸಿರು ರೇಷ್ಮೆ ಸೀರೆ ಉಡಿಸಿದಳು. ಅಪ್ಪ ಇದ್ದಾಗ ಉಡುತ್ತಿದ್ದದ್ದು. ತಾನು ಎದುರಿಗೆ ಬರಬಾರದು ಅಂತ ಸ್ಕೂಲಿನ ಜಗಲಿಯ ಕಂಬದ ಹಿಂದೆ ನಿಂತಳು. ಹುಡುಗ, ಅವನ ಅತ್ತೆ, ಅತ್ತೆಯ ಗಂಡ ಬಂದು ಬೆಂಚಿನ ಮೇಲೆ ಕೂತರು. ಅತ್ತೆ ನನ್ನನ್ನ ನೋಡಿ, "ಈಗ ಹೆಂಗಿದೀಯಮ್ಮ?" ಅಂತ ಕೇಳಿದರು. ಹುಡುಗ ಫೋಟೋದಲ್ಲಿದ್ದದ್ದಕ್ಕಿಂತ ಸಣ್ಣಗಿದ್ದ, ನಗು ಚೆನ್ನಾಗಿತ್ತು. ನನ್ನ ಕಡೆ ನೋಡಿ ಕೊಂಚ ತಲೆಬಾಗಿಸಿದ. ನನಗೆ ಆ ಕ್ಷಣಕ್ಕೆ ಎಲ್ಲವೂ ಸರಿಹೋಗುತ್ತೆ ಅನ್ನಿಸಿತು.

"ಮಕ್ಕಳೇ, ಮುದ್ದೆ ಆಟ!" ಅಂದೆ. ಕೆಂಪು ಬಟ್ಟೆ ಹಿಡಿದವಳು ಓಡಿ ಬಂದು ಒಬ್ಬೊಬ್ಬರಿಗೂ ಮುಟ್ಟಿಸಿದಳು. ಯಾರೂ ಬೀಳಲಿಲ್ಲ. ಲಂಗವನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಿದ್ದವು. "ಯಾಕ್ರಮ್ಮ? ಉರುಳಿ!" ಅಂದೆ. ಊಹೂಂ. ಕೊನೆಗೆ ಬೆರಳು ಚೀಪೋಳ ಹತ್ತಿರ ಹೋಗಿ, "ನೀನು ಉರುಳಮ್ಮ ಜಾಣೆ" ಅಂದೆ. ಬಾಯಿಂದ ಬೆರಳು ತೆಗೆದು ಎಲ್ಲರಿಗೂ ಕೇಳೋ ಹಾಗೆ ಅಂದಳು:

"ನಾನು ಉರುಳಲ್ಲ ಮಿಸ್. ಉರುಳಿದ್ರೆ ನಿಮ್ ಥರಾ ಆಗಿ ಗಂಡು ಸಿಕ್ಕಲ್ಲವಂತೆ. ನಮ್ಮಮ್ಮ ಹೇಳಿದ್ರು."

"ಮತ್ತೆ ಬೆಂಕಿ ಹತ್ತಿದ್ರೆ?"

"ಓಡ್ತೀನಿ."

ಮಾವ ಜೋರಾಗಿ ನಕ್ಕು, "ಮಕ್ಕಳು, ಹೊಸಬರನ್ನ ಕಂಡು ನಾಚ್ಕೋತವೆ" ಅಂತ ಮುಚ್ಚಿಹಾಕೋಕೆ ನೋಡಿದರು. ಹುಡುಗನೂ ನಕ್ಕ. "ಪರವಾಗಿಲ್ಲ ಬಿಡಿ. ಆಟ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು" ಅಂದ. ಅತ್ತೆಯೂ ತಲೆಯಾಡಿಸಿದರು. ಮುಗಿಯಿತು. ನಾನು ನಿಂತೇ ಇದ್ದರೆ ಆಗಿತ್ತು. ಕಂಬದ ಹಿಂದೆ ಅಮ್ಮ ಕೈಮುಗಿದು ನಿಂತದ್ದು ನನಗೆ ಕಾಣಿಸುತ್ತಿತ್ತು.

ಅದನ್ನ ಧೈರ್ಯ ಅಂತ ದಯವಿಟ್ಟು ಯಾರೂ ಅನ್ನಬೇಡಿ. ನನಗೆ ಬಂದದ್ದು ಸಿಟ್ಟು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ. ಆ ಮಗು "ಓಡ್ತೀನಿ" ಅಂದದ್ದು ಕಿವಿಯಲ್ಲಿ ಹಾಗೇ ಕೂತುಬಿಟ್ಟಿತ್ತು. ಅವಳ ಬೆರಳಿನ ಎಂಜಲು ಒರೆಸಿ, ಕೆಂಪು ಬಟ್ಟೆ ಅವಳಿಗೆ ಕೊಟ್ಟು, "ನನಗೆ ಮುಟ್ಟಿಸು" ಅಂದೆ. ಮುಟ್ಟಿಸಿದಳು. ನಾನು ಅಮ್ಮನ ಹಸಿರು ಸೀರೆಯಲ್ಲಿ ಅಂಗಳದ ಮಣ್ಣಿಗೆ ಬಿದ್ದು ಉರುಳಿದೆ.

ಹೊಸ ಸೀರೆಯ ಹಾಗೆ ಜಾರುತ್ತಿದ್ದ ರೇಷ್ಮೆ, ಬಿಗಿಯಾಗಿ ನಿಲ್ಲಲಿಲ್ಲ. ಮೊಣಕಾಲಿನವರೆಗೂ ಮೇಲೆ ಹೋಯಿತು. ನನಗೆ ಗೊತ್ತಾಯಿತು, ಕೈ ಮುಖದ ಮೇಲಿತ್ತು, ಸೀರೆ ಎಳೆದುಕೊಳ್ಳೋಕೆ ಅಂತ ಕೈ ತೆಗೆದರೆ ಮಕ್ಕಳೂ ತೆಗೀತಾರೆ, ಹಾಗೇ ಉರುಳಿದೆ. ಬೆರಳ ಸಂದಿಯಲ್ಲಿ ಕಂಡದ್ದು ಹುಡುಗ ಎದ್ದು ನಿಂತು ಮುಖ ಆ ಕಡೆ ತಿರುಗಿಸಿಕೊಂಡದ್ದು. ಮರ್ಯಾದಸ್ಥ. ನನ್ನ ಮರ್ಯಾದೆಯನ್ನ ನನಗಿಂತ ಚೆನ್ನಾಗಿ ಅವನೇ ನೋಡಿಕೊಂಡ. ಅವನು ಕಣ್ಣರಳಿಸಿ ನೋಡಿದ್ದರೂ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಮೊದಲು ಒಂದು ದೊಪ್ ಅಂತ ಸದ್ದು ಕೇಳಿಸಿತು, ನನ್ನ ಪಕ್ಕದಲ್ಲೇ. ಆಮೇಲೆ ಇನ್ನೊಂದು. ಆಮೇಲೆ ಎಷ್ಟೋ. ಗೋಣಿಚೀಲವೊಂದು ನನ್ನ ಮೇಲೆ ಬಿತ್ತು. ಅದರ ಕತ್ತಲೆಯಲ್ಲಿ ಮಲಗಿಕೊಂಡು, ಇಲ್ಲಿಂದ ಏಳಲೇಬಾರದು ದೇವರೇ ಅಂತ ಬೇಡಿಕೊಂಡೆ.

ಎದ್ದಾಗ ಬೆಂಚು ಖಾಲಿಯಾಗಿತ್ತು. ಮಾವ ಅವರ ಹಿಂದೆ ಬೀದಿಯಲ್ಲಿ ಓಡುತ್ತಿದ್ದರು. ಅಮ್ಮ ಕಂಬಕ್ಕೆ ಮುಖ ಮಾಡಿ, ತಲೆ ಮೇಲಿನ ಸೆರಗನ್ನ ಕಣ್ಣಿನವರೆಗೂ ಎಳೆದುಕೊಂಡು ನಿಂತಿದ್ದಳು. ಅವಳು ಏನನ್ನೂ ನೋಡಿರಲಿಲ್ಲ. ನೋಡೋಕಾಗದೆ ತಿರುಗಿಕೊಂಡಿದ್ದಳು.

ಸಂಜೆ ಮಾವ ಬಂದು ಅವರ ಮಾತು ತಿಳಿಸಿದರು. ಹುಡುಗಿಗೆ ರೋಗವಿಲ್ಲ, ಒಪ್ಪಿದೀವಿ. ಆದರೆ ನಮ್ಮ ಮನೆಗೆ ಇಂಥ ಹುಡುಗಿ ಹೊಂದಲ್ಲ. ಅಷ್ಟು ಹೇಳಿ ಮಾವ ಊಟ ಕೂಡ ಮಾಡದೆ ಕಡೇ ಬಸ್ಸಿಗೆ ಹೊರಟುಹೋದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಅಮ್ಮನ ಒಂದೇ ರೇಷ್ಮೆ ಸೀರೆ, ಮಂಡಿಯ ಹತ್ತಿರ ಹಿಸಿದುಹೋಗಿತ್ತು. ಬೈಯಲಿ, ಎರಡೇಟು ಹೊಡೀಲಿ ಅಂತ ಕಾಯುತ್ತಿದ್ದೆ. ಅಮ್ಮ ಬಾಚಣಿಗೆ ತಂದು ಹಿಂದೆ ಕೂತು, ನನ್ನ ಜಡೆ ಬಿಚ್ಚಿ ಮಣ್ಣು ಉದುರಿಸೋಕೆ ಶುರುಮಾಡಿದಳು. ಅವಳ ಮುಖ ನನಗೆ ಕಾಣದೇ ಇದ್ದದ್ದೇ ಒಳ್ಳೇದಾಯಿತು. ನಾಚಿಕೆಯಲ್ಲಿ ನಾನು ಕರಗಿ ನೆಲಕ್ಕೆ ಇಳಿದುಹೋಗ್ತಿದ್ದೆ.

"ಆ ಮಗು ಉರುಳಿತೇನೇ?" ಅಂತ ಕೇಳಿದಳು.

"ಉರುಳಿದ್ಲಮ್ಮ. ಎಲ್ಲರಿಗಿಂತ ಮೊದಲು ಅವಳೇ."

ಬಾಚಣಿಗೆ ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

"ನಾಳೆ ನೂಲಿನ ಸೀರೆ ಉಟ್ಕೊಂಡು ಹೋಗು. ಒಳಗೆ ಎರಡು ಪಿನ್ನು ಹಾಕ್ಕೊಡ್ತೀನಿ, ಮೇಲಕ್ಕೆ ಹೋಗಲ್ಲ" ಅಂದಳು.